ಬಂದೂಕಿನ ಅಂಗಡಿಯಲ್ಲಿ ಗುರುತಿನ ಚೀಟಿ



ಅಮೆರಿಕದ ಅಂಗಡಿಗೆ ಬಂದೂಕು ಕೊಳ್ಳಲು ಹೋದವನು ತಾನು ಯಾರೆಂದು ಹೇಗೆ ತೋರಿಸಿಕೊಡುತ್ತಾನೆ, ಅಂಗಡಿಯವನು ಅದನ್ನು ಹೇಗೆ ನಂಬುತ್ತಾನೆ ಎಂಬುದು ನಾನು ಆರಿಸಿಕೊಂಡ ವಿಷಯ. ಕನ್ನಡದ ಸಭೆಗೆ ಇದು ದೂರದ ಊರಿನ ಸುದ್ದಿ ಅನ್ನಿಸಬಹುದು. ಆದರೆ ಇಲ್ಲಿ ಕೂತಿರುವ ಎಷ್ಟೋ ಮಂದಿಯ ಮಕ್ಕಳು ನ್ಯೂಜೆರ್ಸಿಯಲ್ಲೋ ಟೆಕ್ಸಾಸಿನಲ್ಲೋ ಸಂಸಾರ ಹೂಡಿದ್ದಾರೆ. ಬಂದೂಕು ಹಿಡಿದವನು ಶಾಲೆಗೆ ನುಗ್ಗಿದರೆ ದೀಪ ಆರಿಸಿ, ಬಾಗಿಲಿಗೆ ಕಾಣದ ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂರುವ ತಾಲೀಮನ್ನು ಅಲ್ಲಿನ ಮೊಮ್ಮಕ್ಕಳು ಒಂದನೇ ತರಗತಿಯಲ್ಲೇ ಕಲಿಯುತ್ತಾರೆ, ಫೋನಿನಲ್ಲಿ ಅಜ್ಜಿಗೆ ಅದನ್ನು ಆಟದ ಸುದ್ದಿಯೆಂಬಂತೆ ಹೇಳುತ್ತಾರೆ. ಆ ಮಕ್ಕಳ ತಾಲೀಮಿಗೂ ಎಲ್ಲೋ ಒಂದು ಅಂಗಡಿಯ ಕೌಂಟರಿನ ಮೇಲೆ ಇಟ್ಟ ಡ್ರೈವಿಂಗ್ ಲೈಸೆನ್ಸಿಗೂ ಇರುವ ನಂಟನ್ನು ಬಿಡಿಸಿ ನೋಡಬೇಕೆಂಬುದು ನನ್ನ ಆಸೆ.

ಕಥೆ ಸುಳ್ಳು ಹೆಸರಿನಿಂದ ಶುರುವಾಗುತ್ತದೆ. 1963ರ ಮಾರ್ಚ್ ತಿಂಗಳಲ್ಲಿ ಷಿಕಾಗೋದ ಕ್ಲೈನ್ಸ್ ಎಂಬ ಕ್ರೀಡಾಸಾಮಗ್ರಿಯ ಅಂಗಡಿಗೆ ಅಂಚೆಯಲ್ಲಿ ಒಂದು ಕೂಪನ್ ಬಂತು. 'ಅಮೆರಿಕನ್ ರೈಫಲ್‌ಮ್ಯಾನ್' ಪತ್ರಿಕೆಯ ಜಾಹೀರಾತಿನಿಂದ ಕತ್ತರಿಸಿದ ಕೂಪನ್ ಅದು. ಜೊತೆಗೆ 21 ಡಾಲರ್ 45 ಸೆಂಟಿನ ಮನಿ ಆರ್ಡರ್: ದುರ್ಬೀನು ಕೂಡಿಸಿದ ಇಟಲಿಯ ಹಳೆಯ ಸೈನಿಕ ರೈಫಲ್ಲಿಗೆ 19.95, ಸಾಗಣೆಗೆ 1.50. ಕೊಳ್ಳುವವನ ಹೆಸರು ಎ. ಹೈಡೆಲ್, ವಿಳಾಸ ಡಲ್ಲಾಸಿನ ಒಂದು ಅಂಚೆಪೆಟ್ಟಿಗೆ. ಅಂಗಡಿ ಸರಕನ್ನು ಕಳಿಸಿಕೊಟ್ಟಿತು. ಹೈಡೆಲ್ ಎಂಬ ಮನುಷ್ಯ ಈ ಲೋಕದಲ್ಲಿ ಇರಲಿಲ್ಲ. ಪೊಟ್ಟಣ ಬಿಡಿಸಿಕೊಂಡವನು ಲೀ ಹಾರ್ವೆ ಆಸ್ವಾಲ್ಡ್. ಅದೇ ವರ್ಷ ನವೆಂಬರ್ 22ರಂದು ಅಧ್ಯಕ್ಷ ಕೆನಡಿ ಆ ರೈಫಲ್ಲಿನ ಗುಂಡಿಗೆ ಬಲಿಯಾದರು. ಸಿಕ್ಕಿಬಿದ್ದಾಗ ಆಸ್ವಾಲ್ಡನ ಪರ್ಸಿನಲ್ಲಿ ಹೈಡೆಲ್ ಹೆಸರಿನ ಖೋಟಾ ಗುರುತಿನ ಚೀಟಿಯೂ ಇತ್ತು. ಆದರೆ ಕ್ಲೈನ್ಸ್ ಅಂಗಡಿ ಯಾವ ಚೀಟಿಯನ್ನೂ ಕೇಳಿರಲಿಲ್ಲ. ಕೇಳಬೇಕೆಂಬ ಕಾನೂನು ಆಗ ಇರಲಿಲ್ಲ.

ಐದು ವರ್ಷ ಕಳೆಯಿತು, ಕಾನೂನು ಬರಲಿಲ್ಲ. 1968ರ ಮಾರ್ಚ್ ಕೊನೆಯಲ್ಲಿ ಅಲಬಾಮದ ಬರ್ಮಿಂಗ್‌ಹ್ಯಾಮಿನ ಅಂಗಡಿಯೊಂದಕ್ಕೆ ಬಂದ ಒಬ್ಬ ಗಿರಾಕಿ ತನ್ನ ಹೆಸರು ಹಾರ್ವೆ ಲೋಮೈಯರ್ ಎಂದ. ರೈಫಲ್ ಕೊಂಡ. ಮರುದಿನ ಮತ್ತೆ ಬಂದು, ಇದು ಬೇಡವೆಂದು ಇನ್ನೂ ಬಲವಾದದ್ದನ್ನು ಬದಲಾಯಿಸಿಕೊಂಡು ಹೋದ. ಏಪ್ರಿಲ್ 4ರಂದು ಮೆಂಫಿಸ್ ನಗರದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದರು. ಲೋಮೈಯರ್ ಎಂದು ಹೇಳಿಕೊಂಡಿದ್ದವನು ಜೇಮ್ಸ್ ಅರ್ಲ್ ರೇ, ಜೈಲಿನಿಂದ ತಪ್ಪಿಸಿಕೊಂಡು ತಲೆಮರೆಸಿಕೊಂಡಿದ್ದ ಕೈದಿ. ಜೂನ್‌ನಲ್ಲಿ ರಾಬರ್ಟ್ ಕೆನಡಿಯೂ ಗುಂಡಿಗೆ ಬಲಿಯಾದ ಮೇಲೆ ಅಮೆರಿಕದ ಸಂಸತ್ತಿಗೆ ಸುಮ್ಮನೆ ಕೂರಲಾಗಲಿಲ್ಲ. 1968ರ ಅಕ್ಟೋಬರ್ 22ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಗನ್ ಕಂಟ್ರೋಲ್ ಆ್ಯಕ್ಟ್‌ಗೆ ಸಹಿ ಹಾಕಿದರು. ಅಂಚೆಯಲ್ಲಿ ಬಂದೂಕು ತರಿಸಿಕೊಳ್ಳುವ ದಾರಿ ಜನಸಾಮಾನ್ಯರಿಗೆ ಮುಚ್ಚಿತು. ಬಂದೂಕಿನ ವ್ಯಾಪಾರ ಮಾಡುವ ಪ್ರತಿಯೊಬ್ಬನಿಗೂ ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕಾಯಿತು. ಕೊಳ್ಳುವವನು ಖುದ್ದಾಗಿ ಬಂದು ನಿಂತು ತಾನು ಯಾರೆಂದು ತೋರಿಸಬೇಕಾಯಿತು. ಬಂದೂಕುಗಳ ನೋಂದಣಿ ಮತ್ತು ಇಟ್ಟುಕೊಳ್ಳುವವರಿಗೆ ಲೈಸೆನ್ಸ್ ಎಂಬ ಎರಡು ಅಂಶಗಳನ್ನು ಸಂಸತ್ತು ಕೈಬಿಟ್ಟಿದ್ದಕ್ಕೆ ಜಾನ್ಸನ್ ಸಹಿಯ ಸಮಾರಂಭದಲ್ಲೇ ಬೇಸರ ತೋಡಿಕೊಂಡರು. ಅವತ್ತು ಬಿಟ್ಟುಹೋದ ಆ ಎರಡು ಅಂಶಗಳ ಭಾರ ಅಂದಿನಿಂದ ಅಂಗಡಿಯ ಕೌಂಟರಿನ ಮೇಲೆ ಬಿದ್ದಿದೆ ಎಂಬುದೇ ನನ್ನ ವಾದ.

ಆ ಕೌಂಟರಿನ ಮೇಲೆ ನಡೆಯುವುದೇನು? ಗಿರಾಕಿಗೆ 4473 ಎಂಬ ಸಂಖ್ಯೆಯ ಒಂದು ಫಾರಂ ಕೊಡುತ್ತಾರೆ. ಹೆಸರು, ಮನೆಯ ವಿಳಾಸ, ಹುಟ್ಟಿದ ಊರು, ದಿನಾಂಕ, ಎತ್ತರ, ತೂಕ ಬರೆಯಬೇಕು. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಬರೆಯುವುದು ಅವರವರ ಇಷ್ಟ. ಆಮೇಲೆ ಪ್ರಶ್ನೆಗಳ ಸಾಲು. ಈ ಬಂದೂಕನ್ನು ನಿಜವಾಗಿ ಕೊಳ್ಳುತ್ತಿರುವವರು ನೀವೇನಾ? ದೊಡ್ಡ ಅಪರಾಧದಲ್ಲಿ ಶಿಕ್ಷೆಯಾಗಿದೆಯೆ? ಪೊಲೀಸರಿಗೆ ಬೇಕಾಗಿ ಓಡಾಡುತ್ತಿದ್ದೀರಾ? ಗಾಂಜಾ ಸೇದುತ್ತೀರಾ? ಹೆಂಡತಿ ಮಕ್ಕಳ ಮೇಲೆ ಕೈಮಾಡಿದ ಪ್ರಕರಣದಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಗಿದೆಯೆ? ನ್ಯಾಯಾಲಯ ನಿಮ್ಮನ್ನು ಮಾನಸಿಕ ಕಾರಣದಿಂದ ಅಪಾಯಕಾರಿ ಎಂದು ಹೇಳಿದೆಯೆ? ಎಲ್ಲಕ್ಕೂ ಹೌದು ಅಥವಾ ಇಲ್ಲ ಎಂದು ಗಿರಾಕಿಯೇ ಬರೆದು ರುಜು ಹಾಕಬೇಕು. ಸುಳ್ಳು ಬರೆದರೆ ಜೈಲು. ಅಂಗಡಿಯವನು ನೋಡಬೇಕಾದ ಚೀಟಿ ಸರ್ಕಾರವೇ ಕೊಟ್ಟದ್ದಾಗಿರಬೇಕು, ಅದರಲ್ಲಿ ಹೆಸರು, ವಾಸದ ವಿಳಾಸ, ಹುಟ್ಟಿದ ದಿನ, ಭಾವಚಿತ್ರ ನಾಲ್ಕೂ ಇರಬೇಕು, ಅವಧಿ ಮುಗಿದಿರಬಾರದು. ಮನೆ ಬದಲಾಯಿಸಿದವನು ಹಳೆಯ ವಿಳಾಸದ ಲೈಸೆನ್ಸಿನ ಜೊತೆ ವಾಹನ ನೋಂದಣಿಯಂಥ ಇನ್ನೊಂದು ಸರ್ಕಾರಿ ಕಾಗದ ಸೇರಿಸಿ ತೋರಿಸಬಹುದು. ಉದ್ದನಳಿಗೆಯ ಬಂದೂಕಿಗೆ 18 ವರ್ಷ, ಪಿಸ್ತೂಲು ರಿವಾಲ್ವರಿಗೆ 21 ವರ್ಷ ತುಂಬಿರಬೇಕು. ಇದು ಕೇಂದ್ರದ ನಿಯಮ. ರಾಜ್ಯಗಳು ಇದಕ್ಕಿಂತ ಬಿಗಿ ಮಾಡಬಹುದು, ಕೆಲವು ಮಾಡಿವೆ.

ನಮ್ಮ ಹುಡುಗರಿಗೆ ಸಂಬಂಧಪಟ್ಟ ಒಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಎಚ್-1ಬಿ ವೀಸಾದಲ್ಲಿ ದುಡಿಯುವ ಬೆಂಗಳೂರಿನ ಎಂಜಿನಿಯರಾಗಲಿ, ವಿದ್ಯಾರ್ಥಿ ವೀಸಾದಲ್ಲಿ ಓದುವ ಧಾರವಾಡದ ಹುಡುಗನಾಗಲಿ ಅಲ್ಲಿ ಬಂದೂಕು ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಆದರೆ ಯಾವುದಾದರೊಂದು ರಾಜ್ಯದ ಬೇಟೆಯ ಪರವಾನಗಿ ಪಡೆದಿದ್ದರೆ ಆ ನಿಷೇಧದಿಂದ ವಿನಾಯಿತಿ ಸಿಗುತ್ತದೆ. ಗ್ರೀನ್ ಕಾರ್ಡ್ ಬಂದವರು ಹೆಚ್ಚುಕಡಿಮೆ ನಾಗರಿಕರಂತೆಯೇ ಕೊಳ್ಳಬಹುದು. ವೀಸಾದಲ್ಲಿದ್ದವನು ಗೆಳೆಯನ ಮಾತು ಕೇಳಿ ಫಾರಂನಲ್ಲಿ ಒಂದು ಕಡೆ ತಪ್ಪು ಗುರುತು ಹಾಕಿದರೆ ಅದು ಕೇಂದ್ರ ಅಪರಾಧ, ಗಡೀಪಾರಿನವರೆಗೂ ಹೋಗಬಹುದಾದ ಅಪರಾಧ. ಮಕ್ಕಳಿಗೆ ಫೋನು ಮಾಡುವಾಗ ದಯವಿಟ್ಟು ಈ ಮಾತು ತಿಳಿಸಿ.

ತುಂಬಿದ ಫಾರಂ ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಹೋಗುವುದಿಲ್ಲ, ಅಂಗಡಿಯ ಕಪಾಟಿನಲ್ಲೇ ಉಳಿಯುತ್ತದೆ. ಬಂದೂಕಿನ ಮಾಲೀಕರ ದೇಶವ್ಯಾಪಿ ನೋಂದಣಿ ಪುಸ್ತಕ ಇಡಕೂಡದೆಂದು 1986ರ ಕಾನೂನು ಸರ್ಕಾರದ ಕೈ ಕಟ್ಟಿದೆ. ಹಿನ್ನೆಲೆ ತಪಾಸಣೆಯಲ್ಲಿ ಪಾಸಾದವನ ವಿವರವನ್ನು ಎಫ್‌ಬಿಐ 24 ಗಂಟೆಯೊಳಗೆ ಅಳಿಸಿಹಾಕಬೇಕು. ಅಂಗಡಿ ಮುಚ್ಚಿದಾಗ ಮಾತ್ರ ಅದರ ಕಡತಗಳು ಪಶ್ಚಿಮ ವರ್ಜೀನಿಯದ ಮಾರ್ಟಿನ್ಸ್‌ಬರ್ಗ್ ಎಂಬ ಸಣ್ಣ ಊರಿನ ಕೇಂದ್ರಕ್ಕೆ ಬರುತ್ತವೆ. ಕಾಗದದ ಭಾರಕ್ಕೆ ಕಟ್ಟಡದ ನೆಲ ತಡೆಯದೆ ಪೆಟ್ಟಿಗೆಗಳನ್ನು ಹೊರಗೆ ಹಡಗಿನ ಕಂಟೇನರುಗಳಲ್ಲಿ ಇಟ್ಟ ಕಾಲವೂ ಇತ್ತು. ಕೊಲೆಯಾದ ಕಡೆ ಬಂದೂಕು ಸಿಕ್ಕರೆ ಅಲ್ಲಿನ ಸಿಬ್ಬಂದಿ ಅದರ ಸಂಖ್ಯೆ ಹಿಡಿದು ತಯಾರಕನಿಗೆ, ಅಲ್ಲಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಅಂಗಡಿಗೆ ವಿಚಾರಿಸುತ್ತ ಹೋಗಬೇಕು. ಮುಚ್ಚಿದ ಅಂಗಡಿಯಾದರೆ ಸ್ಕ್ಯಾನ್ ಮಾಡಿದ ಹಾಳೆಗಳನ್ನು ಒಂದೊಂದಾಗಿ ತಿರುವಬೇಕು. ಹೆಸರು ಕೊಟ್ಟು ಹುಡುಕುವ ಸೌಲಭ್ಯವನ್ನು ಬೇಕೆಂದೇ ಇಟ್ಟಿಲ್ಲ. ಸರ್ಕಾರ ಮುಂದೊಂದು ದಿನ ಪಟ್ಟಿ ಹಿಡಿದು ಮನೆಗೆ ಬಂದು ಬಂದೂಕು ಕಿತ್ತುಕೊಂಡೀತೆಂಬ ಭಯ ಅಲ್ಲಿನ ಕೋಟ್ಯಂತರ ಜನರಿಗೆ ನಿಜವಾದ ಭಯ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಭಯಕ್ಕೆ ತೆತ್ತ ಬೆಲೆ ಏನೆಂಬುದನ್ನೂ ನೋಡಬೇಕು.

ಇಪ್ಪತ್ತೈದು ವರ್ಷ ಆ ಫಾರಂನ ಉತ್ತರಗಳನ್ನು ಕೊಳ್ಳುವವನ ಮಾತಿನ ಮೇಲೆಯೇ ನಂಬಲಾಗುತ್ತಿತ್ತು. 1981ರಲ್ಲಿ ಅಧ್ಯಕ್ಷ ರೇಗನ್ ಮೇಲೆ ಗುಂಡು ಹಾರಿಸಿದವನು ಡಲ್ಲಾಸಿನ ಗಿರವಿ ಅಂಗಡಿಯಲ್ಲಿ ರಿವಾಲ್ವರ್ ಕೊಂಡಾಗ ಬರೆದ ವಿಳಾಸದಲ್ಲಿ ಆತ ಆಗ ವಾಸವಿರಲಿಲ್ಲ. ಯಾರೂ ಪರೀಕ್ಷಿಸಲಿಲ್ಲ. ಅವತ್ತು ತಲೆಗೆ ಗುಂಡು ಬಿದ್ದು ಜೀವನಪೂರ್ತಿ ಗಾಲಿಕುರ್ಚಿಯಲ್ಲಿ ಉಳಿದ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿ ಮತ್ತು ಅವರ ಪತ್ನಿ ಸಾರಾ ವರ್ಷಗಟ್ಟಲೆ ಹೋರಾಡಿದ್ದರಿಂದ 1993ರಲ್ಲಿ ಬ್ರೇಡಿ ಕಾನೂನು ಬಂತು. 1998ರ ನವೆಂಬರ್ 30ರಂದು ಎಫ್‌ಬಿಐನ ತ್ವರಿತ ತಪಾಸಣಾ ವ್ಯವಸ್ಥೆ ಕೆಲಸ ಶುರುಮಾಡಿತು. ಅಂಗಡಿಯವನು ಗಿರಾಕಿಯ ವಿವರವನ್ನು ಫೋನಿನಲ್ಲೋ ಕಂಪ್ಯೂಟರಿನಲ್ಲೋ ಕೊಡುತ್ತಾನೆ. ಬಹುಪಾಲು ಸಲ ನಿಮಿಷಗಳಲ್ಲೇ ಉತ್ತರ ಬರುತ್ತದೆ: ಕೊಡಿ, ಕೊಡಬೇಡಿ, ಅಥವಾ ತಡೆಯಿರಿ.

ಈ ವ್ಯವಸ್ಥೆ ಕಡತದಲ್ಲಿ ಹುಡುಕುವುದು ಹೆಸರನ್ನು. ಎದುರು ನಿಂತ ದೇಹ ಆ ಹೆಸರಿನದ್ದೇ ಎಂಬುದನ್ನು ಗಟ್ಟಿಮಾಡಬೇಕಾದವನು ಅಂಗಡಿಯವನೊಬ್ಬನೇ. ಅವನ ಕೈಯಲ್ಲಿರುವುದು ಒಂದು ಪ್ಲಾಸ್ಟಿಕ್ ಕಾರ್ಡು. ಐವತ್ತು ರಾಜ್ಯಗಳ ಐವತ್ತು ಬಗೆಯ ಕಾರ್ಡುಗಳಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂದು ಅವನೇ ಕಣ್ಣಳತೆಯಲ್ಲಿ ಹೇಳಬೇಕು. ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಇದನ್ನು ಪರೀಕ್ಷಿಸಿ 2001ರಲ್ಲಿ ವರದಿ ಕೊಟ್ಟಿತು. ಅದರ ತನಿಖಾಧಿಕಾರಿಗಳು ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಂಪ್ಯೂಟರ್ ಸಾಮಗ್ರಿಯಿಂದಲೇ ಸುಳ್ಳು ಹೆಸರಿನ ಡ್ರೈವಿಂಗ್ ಲೈಸೆನ್ಸ್ ತಯಾರಿಸಿಕೊಂಡು ಐದು ರಾಜ್ಯಗಳಲ್ಲಿ ವೇಷ ಮರೆಸಿ ಹೋದರು. ಐದೂ ಕಡೆ ಬಂದೂಕು ಸಿಕ್ಕಿತು. ಹಿನ್ನೆಲೆ ತಪಾಸಣೆಯೂ ಅವರನ್ನು ತಡೆಯಲಿಲ್ಲ. ತಡೆಯುವುದಾದರೂ ಹೇಗೆ? ಹುಟ್ಟೇ ಇರದ ಮನುಷ್ಯನ ಮೇಲೆ ಯಾವ ಊರಿನ ಠಾಣೆಯಲ್ಲಿ ಕೇಸಿರುತ್ತದೆ?

ಚೀಟಿ ಅಸಲಿಯಾಗಿದ್ದೂ ಹೆಸರಿನ ಹುಡುಕಾಟ ಕೈಕೊಟ್ಟದ್ದಕ್ಕೆ ಇಲಿನಾಯ್ ರಾಜ್ಯದ ಅರೋರ ಊರಿನ ಪ್ರಕರಣ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಇಲಿನಾಯ್‌ನಲ್ಲಿ 1968ರಿಂದಲೂ ಬಂದೂಕು ಇಟ್ಟುಕೊಳ್ಳಲು ರಾಜ್ಯದ್ದೇ ಪ್ರತ್ಯೇಕ ಗುರುತಿನ ಕಾರ್ಡು ಬೇಕು. ಮಿಸಿಸಿಪ್ಪಿಯಲ್ಲಿ 1995ರಲ್ಲಿ ಗಂಭೀರ ಹಲ್ಲೆಗಾಗಿ ಶಿಕ್ಷೆಯಾಗಿದ್ದ ಒಬ್ಬನಿಗೆ 2014ರಲ್ಲಿ ಆ ಕಾರ್ಡು ಸಿಕ್ಕಿತು; ಹೆಸರಿನ ಹುಡುಕಾಟದಲ್ಲಿ ಹಳೆಯ ಶಿಕ್ಷೆ ಕಾಣಲಿಲ್ಲ. ಪಿಸ್ತೂಲು ಕೊಂಡ. ಅದನ್ನು ಮರೆಯಲ್ಲಿ ಧರಿಸಿ ಓಡಾಡುವ ಪರವಾನಗಿಗೂ ಅರ್ಜಿ ಹಾಕಿ, ಅದಕ್ಕಾಗಿ ಬೆರಳಚ್ಚು ಕೊಟ್ಟ. ಬೆರಳಚ್ಚು ಮಿಸಿಸಿಪ್ಪಿಯ ಕಡತವನ್ನು ತೋರಿಸಿಕೊಟ್ಟಿತು. ಕಾರ್ಡು ರದ್ದಾಯಿತು. ಪಿಸ್ತೂಲನ್ನು ಒಪ್ಪಿಸಬೇಕೆಂಬ ಪತ್ರ ಹೋಯಿತು, ಪಿಸ್ತೂಲು ಮಾತ್ರ ಅವನ ಬಳಿಯೇ ಉಳಿಯಿತು. 2019ರ ಫೆಬ್ರುವರಿ 15ರಂದು ಕೆಲಸದಿಂದ ತೆಗೆಯುತ್ತೇವೆಂದು ಹೇಳಿದ ಸಭೆಯಲ್ಲೇ ಅವನು ಗುಂಡು ಹಾರಿಸಲು ಶುರುಮಾಡಿದ. ಐವರು ಸಹೋದ್ಯೋಗಿಗಳು ಸತ್ತರು. ಬೆರಳಚ್ಚು ಹಿಡಿದುಕೊಟ್ಟ ಸತ್ಯವನ್ನು ಹಿಂಬಾಲಿಸಿ ಒಬ್ಬ ಪೇದೆ ಆ ಮನೆಯ ಬಾಗಿಲು ತಟ್ಟಿದ್ದರೆ ಸಾಕಿತ್ತು.

ಇನ್ನು 2007ರ ಏಪ್ರಿಲ್ 16, ವರ್ಜೀನಿಯ ಟೆಕ್ ವಿಶ್ವವಿದ್ಯಾಲಯ. 32 ಮಂದಿ ಸತ್ತ ಆ ಬೆಳಿಗ್ಗೆ ನಮ್ಮ ದೇಶಕ್ಕೂ ತಟ್ಟಿತ್ತು. ತಮಿಳುನಾಡಿನಿಂದ ಹೋಗಿ ಅಲ್ಲಿ ಜಲವಿಜ್ಞಾನ ಕಲಿಸುತ್ತಿದ್ದ ಪ್ರಾಧ್ಯಾಪಕರೊಬ್ಬರು, ಮುಂಬಯಿಯಿಂದ ವಾಸ್ತುಶಿಲ್ಪ ಓದಲು ಹೋಗಿದ್ದ ಹುಡುಗಿಯೊಬ್ಬಳು ಆ ಪಟ್ಟಿಯಲ್ಲಿದ್ದರು. ಕೊಂದ ವಿದ್ಯಾರ್ಥಿ ಒಂದು ಪಿಸ್ತೂಲನ್ನು ಆನ್‌ಲೈನಿನಲ್ಲಿ ಆರಿಸಿ, ಕ್ಯಾಂಪಸ್ಸಿನ ಹತ್ತಿರದ ಗಿರವಿ ಅಂಗಡಿಯಲ್ಲಿ ಬಿಡಿಸಿಕೊಂಡಿದ್ದ. ಇನ್ನೊಂದಕ್ಕಾಗಿ ರೊಅನೋಕ್ ನಗರದ ಅಂಗಡಿಗೆ ಹೋಗಿ ಡ್ರೈವಿಂಗ್ ಲೈಸೆನ್ಸ್, ಗ್ರೀನ್ ಕಾರ್ಡ್, ವಿಳಾಸ ಮುದ್ರಿಸಿದ್ದ ಚೆಕ್‌ಬುಕ್ ಮೂರನ್ನೂ ತೋರಿಸಿದ್ದ. ಮೂರೂ ಅಸಲಿ. ಒಂದು ಪಿಸ್ತೂಲಿಗೂ ಇನ್ನೊಂದಕ್ಕೂ ನಡುವೆ 30 ದಿನ ಇರಬೇಕೆಂಬ ಆಗಿನ ರಾಜ್ಯದ ನಿಯಮವನ್ನೂ ಪಾಲಿಸಿದ್ದ. ಅಂಗಡಿಯವನ ಕಡೆಯಿಂದ ಬೆರಳು ಮಾಡಿ ತೋರಿಸುವಂಥ ತಪ್ಪಿಲ್ಲ. ತಪ್ಪಿದ್ದದ್ದು ಬೇರೆ ಕಡೆ. 2005ರ ಡಿಸೆಂಬರಿನಲ್ಲೇ ವರ್ಜೀನಿಯದ ನ್ಯಾಯಾಧಿಕಾರಿಯೊಬ್ಬರು ಆ ಹುಡುಗ ತನಗೇ ಅಪಾಯ ಮಾಡಿಕೊಳ್ಳಬಹುದೆಂದು ತೀರ್ಮಾನಿಸಿ, ಹೊರರೋಗಿಯಾಗಿ ಚಿಕಿತ್ಸೆ ಪಡೆಯಬೇಕೆಂದು ಆದೇಶಿಸಿದ್ದರು. ಕೇಂದ್ರ ಕಾನೂನಿನ ಪ್ರಕಾರ ಅಲ್ಲಿಗೆ ಅವನು ಬಂದೂಕು ಕೊಳ್ಳುವ ಅರ್ಹತೆ ಕಳೆದುಕೊಂಡಿದ್ದ. ಆಸ್ಪತ್ರೆಗೆ ಸೇರಿಸದೆ ಹೊರಗೇ ಚಿಕಿತ್ಸೆಗೆ ಕಳಿಸಿದವರ ಹೆಸರನ್ನು ವರ್ಜೀನಿಯ ಆಗ ತಪಾಸಣಾ ಕೇಂದ್ರಕ್ಕೆ ತಿಳಿಸುತ್ತಿರಲಿಲ್ಲ. ಹೀಗಾಗಿ ಕಂಪ್ಯೂಟರ್ 'ಕೊಡಿ' ಎಂದಿತು. ದಾಖಲೆಗಳನ್ನು ಕಳಿಸುವಂತೆ ರಾಜ್ಯಗಳಿಗೆ ಹಣದ ಆಸರೆ ಕೊಡುವ ಕಾನೂನು 2008ರ ಜನವರಿಯಲ್ಲಿ ಬಂತು, 32 ಹೆಣಗಳ ಮೇಲೆ.

ಚಾರ್ಲ್ಸ್‌ಟನ್ನಿನ ಸಂಗತಿ ಇನ್ನೊಂದು ಬಗೆಯದು. ಮೂರು ಕೆಲಸದ ದಿನಗಳಲ್ಲಿ ಎಫ್‌ಬಿಐ ಉತ್ತರ ಕೊಡದಿದ್ದರೆ ಅಂಗಡಿಯವನು ಬಂದೂಕು ಕೊಟ್ಟುಬಿಡಬಹುದೆಂದು ಬ್ರೇಡಿ ಕಾನೂನು ಹೇಳುತ್ತದೆ. 2015ರ ಏಪ್ರಿಲ್‌ನಲ್ಲಿ ಒಬ್ಬ ಯುವಕನ ತಪಾಸಣೆ ಯಾವ ಠಾಣೆಯನ್ನು ಕೇಳಬೇಕೆಂಬ ಗೊಂದಲದಲ್ಲಿ ಸಿಕ್ಕಿ ಮೂರು ದಿನ ದಾಟಿತು. ಪಿಸ್ತೂಲು ಅವನ ಕೈಸೇರಿತು. ಜೂನ್ 17ರಂದು ಅವನು ಚಾರ್ಲ್ಸ್‌ಟನ್ ನಗರದ ಕಪ್ಪು ಜನರ ಚರ್ಚಿನಲ್ಲಿ ಬೈಬಲ್ ಓದಲು ಕೂತಿದ್ದ ಒಂಬತ್ತು ಮಂದಿಯನ್ನು ಕೊಂದ. ದಾಖಲೆ ಸಿಕ್ಕಿದ್ದರೆ ಮಾರಾಟ ತಡೆಯಬೇಕಾಗಿತ್ತೆಂದು ಎಫ್‌ಬಿಐ ನಿರ್ದೇಶಕರೇ ಆಮೇಲೆ ಒಪ್ಪಿಕೊಂಡರು.

ತಪಾಸಣೆ ಸೋಲುವ ಮತ್ತೊಂದು ಬಗೆ ಬೇನಾಮಿ ಖರೀದಿ. ತನಗೆ ಸಿಗದ ಬಂದೂಕನ್ನು ಪ್ರೇಯಸಿಯ ಹೆಸರಿನಲ್ಲಿ, ತಮ್ಮನ ಹೆಸರಿನಲ್ಲಿ ಕೊಳ್ಳಿಸುವುದು. ಇದರಲ್ಲಿ ಚೀಟಿಯೂ ನಿಜ, ಹೆಸರೂ ನಿಜ, ಮನುಷ್ಯ ಮಾತ್ರ ಬೇರೆ. ಈ ಬಗ್ಗೆ ಸುಪ್ರೀಂ ಕೋರ್ಟ್ 2014ರಲ್ಲಿ ಕೊಟ್ಟ ಅಬ್ರಾಮ್‌ಸ್ಕಿ ತೀರ್ಪನ್ನು ಕಾನೂನು ಓದುವ ಹುಡುಗರು ಗಮನವಿಟ್ಟು ಓದಬೇಕು. ಹಿಂದೆ ಪೊಲೀಸನಾಗಿದ್ದವನು ತನಗೆ ಸಿಗುವ ರಿಯಾಯಿತಿಯಲ್ಲಿ ಚಿಕ್ಕಪ್ಪನಿಗಾಗಿ ಪಿಸ್ತೂಲು ಕೊಂಡಿದ್ದ. ಚಿಕ್ಕಪ್ಪನೂ ಬಂದೂಕು ಹೊಂದಲು ಪೂರ್ತಿ ಅರ್ಹನೇ. ಆದರೂ ಫಾರಂನಲ್ಲಿ 'ನಿಜವಾದ ಕೊಳ್ಳುಗ ನಾನೇ' ಎಂದು ಬರೆದದ್ದು ಅಪರಾಧವೆಂದು ಐದು ನಾಲ್ಕರ ಬಹುಮತದಲ್ಲಿ ನ್ಯಾಯಾಲಯ ಹೇಳಿತು. ನ್ಯಾಯಮೂರ್ತಿ ಎಲೆನಾ ಕೇಗನ್ ಬರೆದ ತೀರ್ಪಿನ ತಿರುಳು ಇಷ್ಟು: ಕೌಂಟರಿನ ಮುಂದೆ ನಿಂತವನೇ ಕೊಳ್ಳುವವನಲ್ಲದಿದ್ದರೆ ಚೀಟಿ ನೋಡುವುದು, ತಪಾಸಣೆ ಮಾಡುವುದು, ಕಡತ ಇಡುವುದು ಯಾವುದಕ್ಕೂ ಅರ್ಥ ಉಳಿಯುವುದಿಲ್ಲ. ಆ ಮಾತು ನನಗೆ ಪೂರ್ತಿ ಒಪ್ಪಿಗೆ.

ಕಾನೂನು ಕೇಳಿದಷ್ಟನ್ನೇ ಅಂಗಡಿ ಮಾಡಿದರೆ ಸಾಕೆ? ಸಾಲದೆಂದು ಕೆಲವು ದೊಡ್ಡ ಅಂಗಡಿಗಳೇ ತೀರ್ಮಾನಿಸಿವೆ. ವಾಲ್‌ಮಾರ್ಟ್ 1993ರಲ್ಲಿ ಅಲಾಸ್ಕ ಬಿಟ್ಟು ಉಳಿದೆಡೆ ಪಿಸ್ತೂಲು ಮಾರುವುದನ್ನು ನಿಲ್ಲಿಸಿತು. ಮೂರು ದಿನ ಕಳೆದರೂ ತಪಾಸಣೆಯ ಉತ್ತರ ಬಾರದೆ ಬಂದೂಕು ಕೊಡುವುದಿಲ್ಲವೆಂದು 2002ರಲ್ಲಿ ನಿಯಮ ಮಾಡಿಕೊಂಡಿತು. ಚಾರ್ಲ್ಸ್‌ಟನ್ನಿನ ಕೊಲೆಗಾರನಿಗೆ ಪಿಸ್ತೂಲು ಮಾರಿದ ಅಂಗಡಿಯವನೂ ಅದನ್ನೇ ಮಾಡಿದ್ದರೆ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ನಗರಗಳ ಮೇಯರುಗಳ ಒಕ್ಕೂಟದೊಂದಿಗೆ 2008ರಲ್ಲಿ ಆದ ಒಪ್ಪಂದದಂತೆ ಬಂದೂಕಿನ ಪ್ರತಿ ಮಾರಾಟವನ್ನೂ ಕ್ಯಾಮೆರಾದಲ್ಲಿ ಹಿಡಿಯಲು, ಬಂದೂಕು ಮುಟ್ಟುವ ನೌಕರರ ಹಿನ್ನೆಲೆಯನ್ನೂ ತಪಾಸಣೆ ಮಾಡಲು, ಅಪರಾಧದಲ್ಲಿ ಸಿಕ್ಕಿದ ಬಂದೂಕನ್ನು ಹಿಂದೆ ಕೊಂಡಿದ್ದ ಗಿರಾಕಿಯ ಬಗ್ಗೆ ಎಚ್ಚರದಿಂದಿರಲು ಒಪ್ಪಿಕೊಂಡಿತು. ಬೇನಾಮಿಗೆ ಬರುವವನು ಕ್ಯಾಮೆರಾ ಕಂಡರೆ ಅಳುಕುತ್ತಾನೆ ಎಂಬುದು ಪೊಲೀಸರ ಅನುಭವದ ಮಾತು. 2018ರ ಫೆಬ್ರುವರಿಯಲ್ಲಿ ಫ್ಲಾರಿಡದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಮಂದಿ ಸತ್ತಾಗ ಡಿಕ್ಸ್ ಎಂಬ ಕ್ರೀಡಾಸಾಮಗ್ರಿ ಸಂಸ್ಥೆಯ ಮುಖ್ಯಸ್ಥ ಎಡ್ ಸ್ಟ್ಯಾಕ್ ತಮ್ಮ ದಾಖಲೆ ತೆಗೆಸಿ ನೋಡಿದರು. ಕೊಂದ ಹುಡುಗ ತಿಂಗಳುಗಳ ಹಿಂದೆ ಅವರ ಅಂಗಡಿಯಲ್ಲೂ ಒಂದು ಬಂದೂಕು ಕೊಂಡಿದ್ದ. ಶಾಲೆಯಲ್ಲಿ ಬಳಸಿದ್ದು ಅದಲ್ಲ, ಮಾರಾಟದಲ್ಲಿ ನಿಯಮ ತಪ್ಪಿರಲೂ ಇಲ್ಲ. ಕಾನೂನನ್ನು ಪಾಲಿಸಿದ ತೃಪ್ತಿಯಲ್ಲಿ ಅವರು ಸುಮ್ಮನಾಗಬಹುದಿತ್ತು. ಆಗಲಿಲ್ಲ. 21 ತುಂಬದವರಿಗೆ ಇನ್ನು ಯಾವ ಬಂದೂಕನ್ನೂ ಮಾರುವುದಿಲ್ಲ, ಸೈನಿಕ ಮಾದರಿಯ ರೈಫಲ್ಲುಗಳನ್ನು ಇಡುವುದೇ ಇಲ್ಲ ಎಂದರು. ಕಪಾಟಿನಲ್ಲಿ ಉಳಿದಿದ್ದ, ಸುಮಾರು 50 ಲಕ್ಷ ಡಾಲರ್ ಬೆಲೆಯ ರೈಫಲ್ಲುಗಳನ್ನು ತಯಾರಕರಿಗೆ ಹಿಂದಿರುಗಿಸದೆ ಗುಜರಿ ಮಾಡಿಸಿದರು. ವಾಲ್‌ಮಾರ್ಟ್ ಕೂಡ ವಯಸ್ಸಿನ ಮಿತಿಯನ್ನು 21ಕ್ಕೆ ಏರಿಸಿತು. ಆರೆಗನ್ ರಾಜ್ಯದ 20 ವರ್ಷದವನೊಬ್ಬ ಇದು ವಯಸ್ಸಿನ ತಾರತಮ್ಯವೆಂದು ಇಬ್ಬರ ಮೇಲೂ ದಾವೆ ಹೂಡಿದ. ಗಿರಾಕಿಗಳು ಬಿಟ್ಟುಹೋದರು, ಡಿಕ್ಸ್‌ಗೆ ವ್ಯಾಪಾರ ತಗ್ಗಿತು, ಆ ನಿರ್ಧಾರ ಮಾತ್ರ ಬದಲಾಗಲಿಲ್ಲ. ಲಾಭಕ್ಕಾಗಿ ಕೂತ ವ್ಯಾಪಾರಿ ಲಾಭ ಬಿಟ್ಟು ನಿಂತದ್ದನ್ನು ಗೌರವದಿಂದ ನೆನೆಯಬೇಕು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಲಕಿದ್ದು ನ್ಯೂಹ್ಯಾಂಪ್‌ಶೈರ್ ಎಂಬ ಪುಟ್ಟ ರಾಜ್ಯದ ಸಂಗತಿ. ಒಂದು ವಾರವೂ ತುಂಬದ ಅವಧಿಯಲ್ಲಿ ಮೂವರು, ಒಬ್ಬರಿಗೊಬ್ಬರು ಸಂಬಂಧವಿಲ್ಲದವರು, ಒಂದೇ ಅಂಗಡಿಯಲ್ಲಿ ಬಂದೂಕು ಕೊಂಡು ಕೆಲವೇ ಗಂಟೆಗಳಲ್ಲಿ ಅದರಿಂದಲೇ ಪ್ರಾಣ ಕಳೆದುಕೊಂಡರು. ಮೂವರ ಚೀಟಿಯೂ ಸರಿಯಾಗಿತ್ತು, ತಪಾಸಣೆಯಲ್ಲಿ ಏನೂ ಸಿಕ್ಕಿರಲಿಲ್ಲ. ಅಂಗಡಿಯ ಯಜಮಾನ ರಾಲ್ಫ್ ಡೆಮಿಕೊ ಕ್ಯಾಮೆರಾದ ದೃಶ್ಯವನ್ನು ಮತ್ತೆ ಹಾಕಿ ನೋಡಿದರು, ತಮ್ಮವರು ಏನನ್ನಾದರೂ ಗಮನಿಸದೆ ಬಿಟ್ಟರೋ ಎಂದು. 2009ರಲ್ಲಿ ಬಂದೂಕು ವ್ಯಾಪಾರಿಗಳು, ಗುರಿಕಾರರು, ಸಾರ್ವಜನಿಕ ಆರೋಗ್ಯದ ಅಧ್ಯಾಪಕರು ಒಟ್ಟಿಗೆ ಕೂತರು. ಬಂದೂಕು ಬೇಕೆನ್ನುವವರೂ ಬೇಡವೆನ್ನುವವರೂ ಹೀಗೆ ಒಂದೇ ಮೇಜಿಗೆ ಬರುವುದು ಆ ದೇಶದಲ್ಲಿ ಅಪರೂಪ. ಗಿರಾಕಿಗೆ ಬಂದೂಕಿನ ಬಗ್ಗೆ ಏನೂ ತಿಳಿಯದು, ಯಾವುದಾದರೂ ಸರಿ ಅನ್ನುತ್ತಾನೆ, ಶುಚಿಮಾಡುವ ಸಾಮಾನು ಬೇಡ ಅನ್ನುತ್ತಾನೆ, ಮುಖದಲ್ಲಿ ಕಳೆಯಿಲ್ಲ: ಇಂಥದ್ದು ಕಂಡರೆ ಮಾತಿಗೆಳೆಯಿರಿ, ಅನುಮಾನ ಬಂದರೆ ಇವತ್ತು ಕೊಡುವುದಿಲ್ಲ ಅನ್ನಿ ಎಂಬ ಸಲಹೆಪತ್ರ ತಯಾರಾಯಿತು. ಆಮೇಲೆ ಹೋಗಿ ನೋಡಿದಾಗ ರಾಜ್ಯದ ಹೆಚ್ಚುಕಡಿಮೆ ಅರ್ಧದಷ್ಟು ಅಂಗಡಿಗಳಲ್ಲಿ ಆ ಪತ್ರವೋ ಭಿತ್ತಿಚಿತ್ರವೋ ಕಾಣುವಂತಿತ್ತು. ಯೋಜನೆ ಬೇರೆ ರಾಜ್ಯಗಳಿಗೂ ಹಬ್ಬಿತು. 2021ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತ 48,830 ಮಂದಿಯಲ್ಲಿ 26,328 ಮಂದಿ ತಮಗೆ ತಾವೇ ಗುಂಡಿಟ್ಟುಕೊಂಡವರು. ನಮ್ಮ ಪತ್ರಿಕೆಗಳಲ್ಲಿ ಶಾಲೆಯ ಕೊಲೆಗಳ ಸುದ್ದಿ ಬರುತ್ತದೆ, ಈ ಸಾವುಗಳು ಬರುವುದಿಲ್ಲ.

ನಮ್ಮ ದೇಶದ ಕ್ರಮ ತಲೆಕೆಳಗು. ಇಲ್ಲಿ ಅಂಗಡಿಗಿಂತ ಮೊದಲು ಕಚೇರಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅರ್ಜಿ ಹಾಕಿ, ಪೊಲೀಸ್ ವಿಚಾರಣೆ ಮುಗಿದು, ಲೈಸೆನ್ಸ್ ಕೈಗೆ ಬಂದ ಮೇಲಷ್ಟೇ ಅಂಗಡಿಯ ಮೆಟ್ಟಿಲು. ಪ್ರತಿ ಲೈಸೆನ್ಸಿಗೂ ರಾಷ್ಟ್ರೀಯ ದತ್ತಾಂಶದಲ್ಲಿ ಒಂದು ಸಂಖ್ಯೆ ಇದೆ. 2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಎರಡೇ ಬಂದೂಕು. ಲೈಸೆನ್ಸಿನ ಗೋಜಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಇದೆ. 2019ರಲ್ಲಿ ಅದನ್ನು ಹತ್ತು ವರ್ಷ ಮುಂದುವರಿಸಲಾಯಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದ ದಿನ ನಳಿಗೆಗೆ ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜಿಸುವ ಕೋವಿ ಅದು. ಕೊಡಗಿನಲ್ಲಿ ಕೋವಿ ಇಟ್ಟವನು ಯಾರ ಮಗ, ಯಾವ ಒಕ್ಕದವನು, ಅಂದರೆ ಯಾವ ಮನೆತನದವನು ಎಂಬುದು ಊರಿಗೇ ಗೊತ್ತು. ಆ ತಿಳಿವಳಿಕೆಯನ್ನು ಸುಮಾರು ಮೂವತ್ತನಾಲ್ಕು ಕೋಟಿ ಜನರ ದೇಶದಲ್ಲಿ ಹೆದ್ದಾರಿ ಪಕ್ಕದ ಅಂಗಡಿಯವನಿಂದ ನಿರೀಕ್ಷಿಸುವಂತಿಲ್ಲ. ನಮ್ಮಲ್ಲಿ ಎಲ್ಲ ಸರಿಯಿದೆ ಎಂದೂ ನಾನು ಹೇಳುತ್ತಿಲ್ಲ. ಧಾರವಾಡದಲ್ಲಿ ಕಲಬುರ್ಗಿ ಅವರನ್ನು, ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಬಲಿತೆಗೆದುಕೊಂಡದ್ದು ತನಿಖೆಯ ಪ್ರಕಾರ ನಾಡಪಿಸ್ತೂಲು. ಅದು ಯಾವ ಅಂಗಡಿಯ ಕೌಂಟರನ್ನೂ ದಾಟಿ ಬಂದದ್ದಲ್ಲ.

ಅಮೆರಿಕದಲ್ಲೂ ಕೆಲವು ರಾಜ್ಯಗಳು ಕಚೇರಿಯನ್ನು ಅಂಗಡಿಗಿಂತ ಮುಂದೆ ಇಟ್ಟಿವೆ. ಕನೆಕ್ಟಿಕಟ್ 1995ರಲ್ಲಿ ಪಿಸ್ತೂಲು ಕೊಳ್ಳುವ ಮುನ್ನ ಬೆರಳಚ್ಚು ಕೊಟ್ಟು, ತರಬೇತಿ ಪಡೆದು, ಪರವಾನಗಿ ತರಬೇಕೆಂದಿತು. ಮೊದಲ ಹತ್ತು ವರ್ಷಗಳಲ್ಲಿ ಗುಂಡಿನಿಂದಾದ ಕೊಲೆಗಳು ಇಲ್ಲದಿದ್ದರೆ ಆಗಬಹುದಾಗಿದ್ದಕ್ಕಿಂತ ಸುಮಾರು ಶೇ. 40ರಷ್ಟು ಕಡಿಮೆಯಾದವೆಂದು 2015ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ಸಂಶೋಧಕರು ಅಂದಾಜು ಮಾಡಿದರು. ಮಿಸೂರಿಯಲ್ಲಿ ಅದರ ವಿರುದ್ಧದ ಪ್ರಯೋಗವಾಯಿತು: 1921ರಿಂದ ಇದ್ದ, ಷೆರಿಫರ ಕಚೇರಿಗೆ ಹೋಗಿ ಪರವಾನಗಿ ತರುವ ನಿಯಮವನ್ನು 2007ರಲ್ಲಿ ರದ್ದುಮಾಡಿದರು, ಗುಂಡಿನ ಕೊಲೆಗಳು ಏರಿದವು. ಇಂಥ ಲೆಕ್ಕಗಳ ಬಗ್ಗೆ ವಿದ್ವಾಂಸರ ನಡುವೆ ವಾದ ಇದ್ದೇ ಇದೆ. ಕನೆಕ್ಟಿಕಟ್‌ನ ಅಂಕಿಯನ್ನು ಮುಂದಿನ ಅಧ್ಯಯನಗಳು ತಗ್ಗಿಸಿದವು. ದಿಕ್ಕು ಮಾತ್ರ ಬದಲಾಗಿಲ್ಲ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಒಂದು ಬಹಳ ತೂಕದ್ದು. ಪರವಾನಗಿ ಕೊಡುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರ ಪೂರ್ವಗ್ರಹವೂ ಅದರ ಜೊತೆ ಬರುತ್ತದೆ. 1956ರಲ್ಲಿ ಮಾಂಟ್‌ಗೊಮರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಗೆ ಬಾಂಬು ಬಿತ್ತು. ಆತ್ಮರಕ್ಷಣೆಗೆ ಪಿಸ್ತೂಲು ಧರಿಸಲು ಅವರು ಪರವಾನಗಿ ಕೇಳಿದರು. ಸಿಗಲಿಲ್ಲ. ಹನ್ನೆರಡು ವರ್ಷದ ಮೇಲೆ ಅವರನ್ನು ಕೊಂದವನಿಗೆ ಸುಳ್ಳು ಹೆಸರೊಂದು ಸಾಕಾಯಿತು. 2023ರಲ್ಲಿ ಉತ್ತರ ಕ್ಯಾರೊಲಿನ ರಾಜ್ಯ 1919ರಿಂದ ನಡೆದುಬಂದ ಪರವಾನಗಿ ಪದ್ಧತಿಯನ್ನು ತೆಗೆದುಹಾಕಿದಾಗ, ಕಪ್ಪು ಜನರನ್ನು ದೂರವಿಡಲೆಂದೇ ಹುಟ್ಟಿದ ಕಾನೂನು ಇದು ಎಂಬ ವಾದವೂ ಅಲ್ಲಿ ಕೇಳಿಬಂತು. ಆ ಇತಿಹಾಸ ನಿಜ. ಅದಕ್ಕೆ ಉತ್ತರ ಪರವಾನಗಿಯನ್ನೇ ಕಿತ್ತೊಗೆಯುವುದಲ್ಲ, ಅಧಿಕಾರಿಯ ಮರ್ಜಿಯನ್ನು ಕಿತ್ತೊಗೆಯುವುದು ಎಂದು ನನ್ನ ನಂಬಿಕೆ. ಅರ್ಹತೆ ಏನೆಂದು ಕಾನೂನಿನಲ್ಲೇ ಬರೆದಿರಬೇಕು, ಇಷ್ಟು ದಿನದಲ್ಲಿ ಉತ್ತರ ಕೊಡಬೇಕೆಂಬ ಗಡುವಿರಬೇಕು, ನಿರಾಕರಿಸಿದರೆ ಕಾರಣ ಕೊಡಬೇಕು, ನ್ಯಾಯಾಲಯಕ್ಕೆ ಹೋಗುವ ದಾರಿ ತೆರೆದಿರಬೇಕು. ಬಡವನಿಗೆ ಭಾರವಾಗದಂತೆ ಶುಲ್ಕ ಇರಬೇಕು.

ಮೇರಿಲ್ಯಾಂಡಿನ ಕಾನೂನು ಹೆಚ್ಚುಕಡಿಮೆ ಈ ಬಗೆಯದು. 2013ರಿಂದ ಅಲ್ಲಿ ಪಿಸ್ತೂಲು ಕೊಳ್ಳುವವರು ಬೆರಳಚ್ಚು ಕೊಟ್ಟು, ನಾಲ್ಕು ಗಂಟೆಯ ತರಬೇತಿ ಮುಗಿಸಿ, ಮೊದಲೇ ಅರ್ಹತಾಪತ್ರ ಪಡೆಯಬೇಕು. ಸಂವಿಧಾನ ಕೊಟ್ಟ ಹಕ್ಕಿಗೆ ಇದು ಅಡ್ಡಿ ಎಂದು ಬಂದೂಕು ಸಂಘಟನೆಗಳು ದಾವೆ ಹೂಡಿದವು. 2024ರ ಆಗಸ್ಟಿನಲ್ಲಿ ಮೇಲ್ಮನವಿ ನ್ಯಾಯಾಲಯದ ಪೂರ್ಣಪೀಠ ಕಾನೂನನ್ನು ಎತ್ತಿಹಿಡಿಯಿತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ಕೈಹಾಕಲು ಒಪ್ಪಲಿಲ್ಲ. ಅಂದರೆ ರಾಜ್ಯಗಳ ಶಾಸನಸಭೆಗಳಿಗೆ ಈ ದಾರಿ ಇನ್ನೂ ತೆರೆದಿದೆ. ಆ ಸಭೆಗಳಿಗೆ ಮತ ಹಾಕುವವರಲ್ಲಿ ಈಗ ಅಮೆರಿಕದ ಪೌರತ್ವ ಪಡೆದ ಸಾವಿರಾರು ಕನ್ನಡಿಗರಿದ್ದಾರೆ. ಅವರಲ್ಲಿ ನನ್ನ ಕೋರಿಕೆ: ನಿಮ್ಮ ಕ್ಷೇತ್ರದ ಅಭ್ಯರ್ಥಿ ಮತ ಕೇಳಲು ಬಂದಾಗ, ನಮ್ಮ ರಾಜ್ಯದಲ್ಲಿ ಬಂದೂಕು ಕೊಳ್ಳುವವನ ಬೆರಳಚ್ಚನ್ನು ಯಾರು, ಯಾವಾಗ ತೆಗೆದುಕೊಳ್ಳುತ್ತಾರೆ, ಲೈಸೆನ್ಸ್ ರದ್ದಾದವನ ಮನೆಯಿಂದ ಬಂದೂಕನ್ನು ತರುವ ಹೊಣೆ ಯಾವ ಇಲಾಖೆಯದು ಎಂದು ಕೇಳಿ. ಉತ್ತರ ಸಿಗುವವರೆಗೂ ಕೇಳಿ.